ವೈನಿ ಫೋನಿನಲ್ಲಿ ಕಲಿಸಿದ ಕೌದಿ

ನಮ್ಮ ವೈನಿ ಮಾರವಾಡಿ ಆಗಿಬಿಟ್ಟರು ಅಂತ ಬಳಗದಲ್ಲಿ ಮೊದಲು ಸುದ್ದಿ ಹಬ್ಬಿಸಿದವಳು ನಾನೇ. ಸುಳ್ಳಲ್ಲ, ಕಣ್ಣಾರೆ ನೋಡಿದ್ದೆ. ಲಾಕ್‌ಡೌನಿನ ಆ ಬೇಸಿಗೆಯಲ್ಲಿ ಅವರು ಕಳಿಸಿದ ಮೊದಲ ವಿಡಿಯೋದಲ್ಲಿ ಸೆರಗು ಬಲ ಹೆಗಲ ಮೇಲಿತ್ತು. ನಮ್ಮ ಬೀದರ್ ಕಡೆಯ ಹೆಣ್ಣುಮಕ್ಕಳು ಎಡ ಹೆಗಲು ಬಿಟ್ಟವರಲ್ಲ. ಸೆರಗು ಬಲಕ್ಕೆ ತರುವವರು ಹೈದರಾಬಾದಿನ ಬೇಗಂ ಬಜಾರಿನ ಮಾರವಾಡಿ ಸೇಠಾಣಿಯರು. ಇಷ್ಟು ವರ್ಷ ಅವರ ನಡುವೆ ಇದ್ದೂ ಬದಲಾಗದ ವೈನಿ ಈ ವಯಸ್ಸಿನಲ್ಲಿ ಬದಲಾದರೇ ಅಂತ ನನಗೆ ನಗು ತಡೆಯಲಾಗಲಿಲ್ಲ. ಫೋನ್ ಮಾಡಿ ಕೇಳಿಯೇಬಿಟ್ಟೆ.

"ವೈನಿ, ಸೆರಗು ಯಾವಾಗ ಬದ್ಲಿ ಮಾಡಿದ್ರಿ?"

"ಏನ್ ಹುಚ್ಚಿ ಇದ್ದಿಯೇ ಪ್ರೇಮಾ? ನನ್ನ ಸೆರಗು ನನ್ನ ಹೆಗಲ ಮ್ಯಾಲೇ ಐತಿ. ನಿನ್ನ ಕೆಲಸಾ ನೋಡು ಹೋಗು."

ಯಾವ ಹೆಗಲು ಅಂತ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅಣ್ಣನ ಹೆಂಡತಿ, ಅದರ ಮೇಲೆ ನನ್ನನ್ನು ಸಾಕಿದವರು. ಅವರೆದುರು ನನ್ನ ಬಾಯಿ ಅಷ್ಟಕ್ಕೇ ನಿಲ್ಲುತ್ತದೆ.

ವೈನಿಯ ಹೆಸರು ಬಸಲಿಂಗಮ್ಮ. ಭಾಲ್ಕಿ ಹತ್ತಿರದ ನಮ್ಮ ಹಳ್ಳಿಯಿಂದ ನಾನು ಹೈದರಾಬಾದಿಗೆ ಓದಲು ಬಂದಾಗ ಎರಡು ಜಡೆಯ ಹುಡುಗಿ. ಅಣ್ಣ ವೈಜನಾಥನಿಗೆ ಬೇಗಂ ಬಜಾರಿನಲ್ಲಿ ಕಸಬರಿಗೆ, ಚಾಪೆ, ಹಗ್ಗದ ಸಗಟು ಅಂಗಡಿ. ಕೆಳಗೆ ಅಂಗಡಿ, ನಡುವೆ ಸಂಸಾರ, ಅದರ ಮೇಲೆ ಸರಕು ತುಂಬಿದ ಒಂದು ಕೋಣೆ. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ, ನನಗೆ ಎರಡೂ ಬಾರದು. ದಿನಾ ಮಧ್ಯಾಹ್ನ ಅಳುತ್ತಾ ಮನೆಗೆ ಬರುತ್ತಿದ್ದೆ. ವೈನಿ ಸಮಾಧಾನದ ಮಾತು ಆಡುವವರೇ ಅಲ್ಲ. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚೌಕಾಬಾರಾ ಮನೆ ಬರೆದು, ಸೀಳಿದ ಹುಣಸೆಬೀಜ ನನ್ನ ಕೈಗೆ ಹಾಕಿ, "ಅಳೂದು ಆಮ್ಯಾಲ ಅಳು, ಮೊದ್ಲು ಆಟಾ ಹೂಡು" ಅನ್ನುತ್ತಿದ್ದರು. ಕೆಳಗಿನ ಬೀದಿಯಿಂದ ಒಣಮೆಣಸಿನಕಾಯಿ ಘಾಟು, ಪಕ್ಕದ ಅಂಗಡಿಯ ಇಂಗಿನ ವಾಸನೆ, ಹಮಾಲರ ಕೂಗು. ಎರಡನೇ ಆಟಕ್ಕೆ ಬರುವಷ್ಟರಲ್ಲಿ ನಾನು ಅಳು ಮರೆತು ಅವರ ಕಾಯಿ ಹೊಡೆಯುವ ಹಟಕ್ಕೆ ಬಿದ್ದಿರುತ್ತಿದ್ದೆ. ನಾನು ಈ ಊರಿನವಳಾದದ್ದು ಹಾಗೆ.

ಆಟ ಮುಗಿದ ಮೇಲೆ ಅವರು ಕೌದಿ ಹಿಡಿದು ಕೂರುತ್ತಿದ್ದರು. ಹಳೇ ಸೀರೆ, ಹಳೇ ಧೋತರ ಪದರ ಪದರವಾಗಿ ಹಾಸಿ, ಅಂಚಿನ ಮೂಲೆಯಿಂದ ಶುರು ಮಾಡಿ ಬಲಕ್ಕೆ ಸುತ್ತುತ್ತಾ ಸುತ್ತುತ್ತಾ ಒಳಗೆ ಬರುವ ಹೊಲಿಗೆ. "ಗುಡಿ ಹೆಂಗ ಸುತ್ತತೀವಿ? ಹಂಗ" ಅನ್ನುತ್ತಿದ್ದರು. ಎಡಕ್ಕೆ ಸುತ್ತಿದರೆ ಕೆಡುಕು ಅಂತ ನಮ್ಮವ್ವ ಅವರಿಗೆ ಹೇಳಿಕೊಟ್ಟ ಮಾತು. ಕೊನೆಗೆ ನಡುವೆ ಅಂಗೈಯಗಲದ ಒಂದು ತುಂಡು ಬಾಯಿ ತೆರೆದೇ ಇರುತ್ತಿತ್ತು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಣರೊಟ್ಟಿಯ ಚೂರು, ಬೆಲ್ಲದ ಹರಳು ಇಟ್ಟು ಮುಚ್ಚಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲವಂತೆ. ಆ ಕೊನೆಯ ಹೊಲಿಗೆ ಮಾತ್ರ ಮನೆಯ ಹಿರಿಯ ಹೆಣ್ಣುಮಗಳ ಕೈಯದೇ ಆಗಬೇಕು. ನಮ್ಮ ಬಳಗದಲ್ಲಿ ಹುಟ್ಟಿದ ಪ್ರತಿ ಕೂಸಿಗೂ ತೊಟ್ಟಿಲಲ್ಲಿ ಮೊದಲು ಹೊದಿಸಿದ್ದು ವೈನಿಯ ಕೌದಿಯನ್ನೇ. ನನ್ನ ಮಗಳಿಗೂ ಅದೇ.

ಇಷ್ಟೆಲ್ಲ ಹೊಲಿದ ಕೈಗೆ ದೇವರು ಕೊಟ್ಟ ಬಹುಮಾನ ನೋಡಿ: ಬಲಗೈ ಹೆಬ್ಬೆರಳಿನ ಕೀಲು ಹಿಡಿದುಕೊಂಡಿತು. ನಾಲ್ಕು ಹೊಲಿಗೆ ಹಾಕಿದರೆ ಮುಂದಿನದಕ್ಕೆ ಸೂಜಿ ಜಾರಿ ಬೀಳುತ್ತಿತ್ತು. ಅದೂ ಯಾವಾಗ? ಅವರ ಒಬ್ಬಳೇ ಮಗಳು ಕಾವ್ಯಾ ಎಷ್ಟೋ ವರ್ಷದ ಹರಕೆಯ ಮೇಲೆ ಬಸುರಿಯಾಗಿ, ಬಾಣಂತನಕ್ಕೆ ಬಹಳ ಮುಂಚೆಯೇ ತವರಿಗೆ ಬಂದಾಗ. ಅವಳು ಬಂದಳು, ಹಿಂದೆಯೇ ಲಾಕ್‌ಡೌನ್ ಬಂತು. ಬೇಗಂ ಬಜಾರಿನ ಷಟರುಗಳೆಲ್ಲ ಕೆಳಗೆ.

"ಮಂದಿ ಮಕ್ಕಳಿಗೆಲ್ಲಾ ಹೊಲಿದೆ ಪ್ರೇಮಾ," ಅಂದರು ಒಂದು ದಿನ ಫೋನಿನಲ್ಲಿ. "ನನ್ನ ಮಗಳ ಕೂಸಿಗೆ ಅಂಗಡ್ಯಾಗಿನ ರಗ್ಗು ಹೊದಿಸ್ಲೇನು?" ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹಿಂದಿನಿಂದ ಅಣ್ಣ, "ಅಜ್ಜಿಗೆ ಅರಿವಿ ಚಿಂತಿ! ಊರಿಗೆ ಊರೇ ಜಡ್ಡಿನ ಚಿಂತ್ಯಾಗ ಐತಿ, ಈಕಿಗೆ ಕೌದಿ ಬೇಕಂತ" ಅಂತ ಅಣಕಿಸುತ್ತಿದ್ದ. ಅವನಿಗೆ ನಾಲ್ಕು ಬಿಗಿಯಬೇಕು ಅನ್ನಿಸಿತು. ಊರಿನ ಇನ್ನೊಂದು ತುದಿಯ ಮಿಯಾಪುರದಲ್ಲಿ ಕೂತು ಏನು ಬಿಗಿಯಲಿ?

ಮಿಯಾಪುರದಲ್ಲಿ ನನ್ನದೇ ರಾಮಾಯಣ. ಮಗಳು ನಿರೀಕ್ಷಾ ಆಗ ಮೂರನೇ ತರಗತಿ. ಶಾಲೆ ಅಂದರೆ ಒಂದು ಪರದೆ, ಮನೆ ಅಂದರೆ ಎತ್ತರದ ಒಂದು ಫ್ಲ್ಯಾಟು, ಆಟ ಅಂದರೆ ಬಾಲ್ಕನಿಯಿಂದ ಕೆಳಗಿನ ಖಾಲಿ ರಸ್ತೆ ನೋಡುವುದು. ನನ್ನ ಫೋನಿಗೆ ಮೇಲಿಂದ ಮೇಲೆ ಮೆಸೇಜು: ಮಗುವಿಗೆ ರೊಬೋಟು ಕಲಿಸಿ, ಮಿದುಳು ಚುರುಕು ಮಾಡಿಸಿ, ಮೊದಲ ಕ್ಲಾಸು ಉಚಿತ. ಅಮೀರ್‌ಪೇಟೆಯಲ್ಲಿ ದೊಡ್ಡವರಿಗೆ ಕಂಪ್ಯೂಟರ್ ಕಲಿಸುತ್ತಿದ್ದವರೆಲ್ಲ ರಾತ್ರೋರಾತ್ರಿ ಮಕ್ಕಳ ಗುರುಗಳಾಗಿದ್ದರು. ಒಂದು ಕರಕುಶಲದ ಕ್ಲಾಸಿಗೆ ಸೇರಿಸಿದೆ. ಎರಡನೇ ದಿನಕ್ಕೇ ಮಗಳು ಕತ್ತರಿ ಬಿಸಾಡಿ ಎದ್ದಳು. ಅವಳು ಎಡಚಿ. ಟೀಚರು ತೋರಿಸಿದ್ದೆಲ್ಲ ಅವಳ ಕೈಯಲ್ಲಿ ತಿರುವುಮುರುವು. ಮೊದಲೇ ನಮ್ಮ ಅತ್ತೆಯವರು ಧಾರವಾಡದಿಂದ ಬಂದಾಗಲೆಲ್ಲ ಅವಳ ಎಡಗೈಯಿಂದ ಪೆನ್ಸಿಲು ಕಿತ್ತು ಬಲಗೈಗೆ ಕೊಟ್ಟು, ಕೂಸು ಕೈಕೆಲಸ ಅಂದರೆ ಓಡಿಹೋಗುವ ಹಾಗೆ ಮಾಡಿಟ್ಟಿದ್ದರು.

ಇದನ್ನೆಲ್ಲ ವೈನಿಯ ಹತ್ತಿರ ತೋಡಿಕೊಂಡೆ.

"ಆಕೀನ್ನ ನನ್ನ ಹತ್ರ ಕಳಸು," ಅಂದರು.

"ಹೆಂಗ ಕಳಸ್ಲಿ ವೈನಿ? ರಸ್ತಾದಾಗ ನಾಕಾ ಹಾಕಿ ಪೊಲೀಸ್ರು ಬಡೀತಾರ."

"ಫೋನಿನ್ಯಾಗ ಕಳಸು. ಕಾವ್ಯಾನ ಹಳೇ ಫೋನು ಐತಲಾ, ಅದರಾಗ ನಾ ತೋರಸ್ತೀನಿ, ಆಕಿ ನೋಡ್ಲಿ."

ಕೆಂಪು ಚುಕ್ಕೆ ಒತ್ತಿದರೆ ವಿಡಿಯೋ ಶುರು, ಮತ್ತೆ ಒತ್ತಿದರೆ ಬಂದ್. ಅವರು ಕಲಿತದ್ದು ಅಷ್ಟೇ, ಸಾಕಾಗಿದ್ದೂ ಅಷ್ಟೇ. ಮೇಲಿನ ಕೋಣೆಯಲ್ಲಿ ತೊಗರಿಬೇಳೆ ಡಬ್ಬಿಗೆ ಫೋನು ಆನಿಸಿ, ತನ್ನ ಮುಖ ತನಗೆ ಕಾಣುವ ಹಾಗೆ ಇಟ್ಟುಕೊಂಡು ಕೂರುತ್ತಿದ್ದರು. ಹಿಂದೆ ಬರೀ ಕಸಬರಿಗೆಯ ಕಟ್ಟುಗಳು. ಮಧ್ಯಾಹ್ನ ಊಟದ ಹೊತ್ತಿಗೆ ವಿಡಿಯೋ ನಮಗೆ ಬರುತ್ತಿತ್ತು. ನಾನು ಒಂದು ಗುಂಪು ಮಾಡಿ ನಮ್ಮವರನ್ನು ಸೇರಿಸಿದೆ. ಕೂಕಟ್‌ಪಲ್ಲಿಯ ಕಲಬುರಗಿಯವರು, ರಕ್ಷಣಾ ಕಾರ್ಖಾನೆಯ ಕ್ವಾರ್ಟರ್ಸಿನ ಹುಬ್ಬಳ್ಳಿಯವರು, ಅವರ ಪಕ್ಕದ ಮನೆಯವರು, ಹೀಗೆ ಬೆಳೆಯಿತು. ಬೇಳೆ, ಕಡಲೆ, ಅಕ್ಕಿ ಬೆರೆಸಿ ಕಣ್ಣು ಮುಚ್ಚಿ ಬೇರೆ ಮಾಡುವ ಆಟ. ತಟ್ಟೆಯಲ್ಲಿ ನೀರು ಹಾಕಿ ಗೋಡೆಯ ಮೇಲೆ ಬಿಸಿಲು ಕುಣಿಸುವ ಆಟ. ಹುಣಸೆಬೀಜದಲ್ಲಿ ಮಗ್ಗಿ. ಹಳೇ ಡಬ್ಬಿಯಲ್ಲಿ ಮೆಂತ್ಯ ಬಿತ್ತಿ ಯಾರದು ಮೊದಲು ಮೊಳೆಯುತ್ತದೆ ಅನ್ನುವ ಪಂದ್ಯ. ಅವರದು ಒಂದೇ ಕಟ್ಟುನಿಟ್ಟು: "ಅಂಗಡಿಗೆ ಹೋಗಂಗಿಲ್ಲ, ಏನೂ ಕೊಳ್ಳಂಗಿಲ್ಲ. ಮನ್ಯಾಗ ಇದ್ದದ್ದರಾಗ ಆಡ್ರಿ."

ನಮ್ಮ ಅಪಾರ್ಟ್‌ಮೆಂಟಿನ ತೇಜಸ್ವಿನಿ, ಮೈಸೂರಿನವಳು, ಮಗನನ್ನು ಸೇರಿಸುವ ಮೊದಲು ಕೇಳಿದಳು: "ಪ್ರೇಮಾ ಅವರೇ, ಫ್ರೀ ಅಂದ್ರೆ... ಕೊನೇಲಿ ಸರ್ಟಿಫಿಕೇಟ್ ಕೊಡ್ತಾರಾ?"

ವೈನಿಗೆ ಮುಟ್ಟಿಸಿದೆ. "ಕೊಡ್ತೀನಿ ಅಂತ ಹೇಳು," ಅಂದರು. "ಕೂಸಿನ ಬಾಯಾಗ ಒಂದು ಚೂರು ಬೆಲ್ಲಾ ಹಾಕು ಅನ್ನು. ಅದ ಸರ್ಟಿಫಿಕೇಟು." ತೇಜಸ್ವಿನಿ ಪಾಪ, ನಿಜವಾಗಿಯೂ ಬೆಲ್ಲ ಹಾಕಿ ಫೋಟೋ ಕಳಿಸಿದಳು!

ಎಲ್ಲಕ್ಕಿಂತ ಅಚ್ಚರಿ ನಿರೀಕ್ಷಾಳದು. ಕೈಕೆಲಸ ಅಂದರೆ ಮೂಗು ಮುರಿಯುತ್ತಿದ್ದವಳು ವಿಡಿಯೋ ಬಂದರೆ ಊಟದ ತಟ್ಟೆ ಸರಿಸಿ ಓಡುತ್ತಿದ್ದಳು. "ಅತ್ತಿ ತೋರಿಸಿದ್ದು ನಂಗ ಲಗೂನ ತಿಳೀತದ ಅವ್ವಾ" ಅನ್ನುತ್ತಿದ್ದಳು, ವೈನಿ ಅವಳಿಗೆ ಅತ್ತಿ. ನನ್ನ ವೈನಿ ಅಂದರೆ ಸುಮ್ಮನೆಯೇ ಅಂತ ನಾನು ಬೀಗುತ್ತಾ ಒಗ್ಗರಣೆ ಹಾಕುತ್ತಿದ್ದೆ. ವಿಡಿಯೋ ಕಡೆ ಸರಿಯಾಗಿ ತಿರುಗಿ ನೋಡಿದವಳೂ ಅಲ್ಲ.

ಕೌದಿಯ ವಿಚಾರ ಹೊಳೆದದ್ದು ವೈನಿಗೇ. ಒಂದು ಮಧ್ಯಾಹ್ನ ವಿಡಿಯೋದಲ್ಲಿ ಮಕ್ಕಳಿಗೆ ಹೇಳಿದರು: "ನೋಡ್ರಿ ಕೂಸಗೋಳ್ರ್ಯಾ, ನನ್ನ ಹೆಬ್ಬಟ್ಟು ಕೆಟ್ಟೈತಿ. ನನ್ನ ಮಗಳಿಗೆ ಕೂಸು ಬರಾಕತ್ತೈತಿ. ನಿಮ್ಮ ಮನಿಯ ಹಳೇ ಸೀರೀದು ಗೇಣಗಲ ತುಂಡು ಪದರ ಮಾಡಿ, ನಾ ತೋರಿಸಿದಂಗ ಸುತ್ತಿ ಹೊಲೀರಿ. ಎಲ್ಲಾರ ತುಂಡು ಕೂಡಿಸಿದ್ರ ಒಂದು ಕೌದಿ ಆಕ್ಕೈತಿ. ಕಾವ್ಯಾಗ ಮಾತ್ರ ಯಾರೂ ಹೇಳಬ್ಯಾಡ್ರಿ." ಹೆರಿಗೆಗೆ ಮುಂಚೆ ಬಸುರಿ ಆ ಕೌದಿ ನೋಡಬಾರದು ಅನ್ನುವುದು ನಮ್ಮ ಪದ್ಧತಿ. ಅದಕ್ಕೇ ಎಲ್ಲ ಮೇಲಿನ ಕೋಣೆಯಲ್ಲಿ, ಒಬ್ಬರೇ.

ಆಮೇಲಿನ ಮಧ್ಯಾಹ್ನಗಳನ್ನು ಹೇಗೆ ಹೇಳಲಿ? ಹೈದರಾಬಾದಿನ ಎಷ್ಟೋ ಮನೆಗಳಲ್ಲಿ ಒಂದೇ ಹೊತ್ತಿಗೆ ಮಕ್ಕಳು ಸೂಜಿ ಹಿಡಿದು ಕೂತಿದ್ದರು. ತಾಯಂದಿರು ಟ್ರಂಕು ತೆರೆದು ಇದು ನನ್ನ ಮದುವೆ ಸೀರೆ, ಇದು ನಮ್ಮಮ್ಮನದು ಅಂತ ಕತೆ ಹೇಳಿದರು. ನಿರೀಕ್ಷಾ ನನ್ನ ಹಸಿರು ಇಳಕಲ್ ಸೀರೆಯ ಅಂಚಿಗೇ ಕತ್ತರಿ ಹಾಕಿದಳು, ನಾನು ಬಯ್ಯಲೂ ಇಲ್ಲ. ಆ ರೋಗ ಬೇಡ, ಆ ಆಂಬುಲೆನ್ಸಿನ ಸದ್ದು ಬೇಡ, ಆ ಭಯ ಶತ್ರುವಿಗೂ ಬೇಡ. ಆದರೆ ಆ ಮಧ್ಯಾಹ್ನಗಳು ನನಗೆ ಬೇಕು ಅನ್ನಿಸುತ್ತದೆ.

ಕಾವ್ಯಾಳಿಗೆ ಹೆಣ್ಣು ಹುಟ್ಟಿತು. ಅಷ್ಟರಲ್ಲಿ ಓಡಾಟ ಸಡಿಲವಾಗಿ, ತುಂಡುಗಳು ಒಂದೊಂದಾಗಿ ನಮ್ಮ ಮನೆ ಸೇರಿದ್ದವು. ಮೆಟ್ರೋ ಮತ್ತೆ ಶುರುವಾದ ವಾರವೇ ನಾನೂ ನಿರೀಕ್ಷಾಳೂ ಮಾಸ್ಕು ಬಿಗಿದು, ಚೀಲ ಎದೆಗವಚಿಕೊಂಡು ಮಿಯಾಪುರದಲ್ಲಿ ಹತ್ತಿ, ನಾಂಪಲ್ಲಿಯಲ್ಲಿ ಇಳಿದು ಆಟೋ ಹಿಡಿದೆವು. ಎರಡು ದಿನ ಬಿಟ್ಟು ತೊಟ್ಟಿಲ ಕಾರ್ಯ. ಅಷ್ಟರಲ್ಲಿ ತುಂಡುಗಳನ್ನು ಕೂಡಿಸಿ ಕೌದಿ ಮುಗಿಸಬೇಕು. ಕೂಡಿಸುವ ಉದ್ದ ಹೊಲಿಗೆಗೆ ನಾನಿದ್ದೆ.

ಮೇಲಿನ ಕೋಣೆಯಲ್ಲಿ ವೈನಿ ತುಂಡುಗಳನ್ನು ಚಾಪೆಯ ಮೇಲೆ ಹರಡಿ ಸವರಿದರು. ಮುಖದಲ್ಲಿ ಎಂಥ ಕಳೆ! ಒಂದು ತುಂಡು ಎತ್ತಿಕೊಂಡು, ಗಂಟು ಇದ್ದ ಮೂಲೆಯಲ್ಲಿ ಬೆರಳಿಟ್ಟು ದಾರದ ಹಿಂದೆ ಹೋದರು. ಬೆರಳು ನಿಂತಿತು. ಇನ್ನೊಂದು ಎತ್ತಿದರು. ಮತ್ತೊಂದು.

"ಅಯ್ಯ ಶಿವನ," ಅಂದರು. "ಎಲ್ಲಾ ಎಡಕ್ಕ ಸುತ್ಯಾವಲ್ಲೇ ಪ್ರೇಮಾ!"

ನಾನು ನೋಡಿದೆ. ಹೌದು, ಒಂದಾದರೂ ಬಲಕ್ಕೆ ಸುತ್ತಿರಲಿಲ್ಲ.

"ಇರ್ಲಿ ಬಿಡ್ರಿ ವೈನಿ, ಮಕ್ಕಳು."

"ಏನ್ ಇರ್ಲಿ? ಹಸಗೂಸಿನ ಮೈಮ್ಯಾಲ ಎಡಸುತ್ತು ಹೊದಿಸ್ಲೇನು? ನಾ ಹೊದಸಂಗಿಲ್ಲ." ತುಂಡು ಚಾಪೆಗೆ ಬಿತ್ತು. ವೈನಿ ಗೋಡೆಗೆ ಒರಗಿ, ತಮ್ಮ ಬಲಗೈಯನ್ನೇ ನೋಡುತ್ತಾ ಕೂತರು. ಬಿಚ್ಚಿ ಹೊಲಿಯಲು ದಿನವಿಲ್ಲ, ಬೆರಳಿಲ್ಲ.

ನಿರೀಕ್ಷಾ ಸುಮ್ಮನಿರಲಿಲ್ಲ. "ಅತ್ತಿ, ನೀವೇ ಹಂಗ ತೋರಿಸೀರಿ. ನಾವೆಲ್ಲಾ ನೋಡೇ ಹೊಲಿದೇವಿ."

"ನಾ ತೋರಿಸಿದೆನಾ? ನನ್ನ ಜಲ್ಮದಾಗ ಎಡಕ್ಕ ಸುತ್ತಿಲ್ಲ!"

ಹುಡುಗಿ ನನ್ನ ಫೋನು ಕಸಿದು ವಿಡಿಯೋ ಹಾಕಿದಳು. ವೈನಿ ತಮ್ಮ ವಿಡಿಯೋ ತಾವು ನೋಡಿದ್ದು ಅದೇ ಮೊದಲು. ನನ್ನ ಮಾರಿ ನಾನೇನು ನೋಡ್ಲಿ ಅನ್ನುವ ಪೈಕಿ. ಅದರಲ್ಲಿ ಹೊಲಿಗೆ ಎಡಕ್ಕೇ ಸುತ್ತುತ್ತಿತ್ತು. ಸೂಜಿ ಎಡಗೈಯಲ್ಲಿತ್ತು. ಸೆರಗು ಬಲ ಹೆಗಲ ಮೇಲೆ. ಎದುರಿಗೆ ಕೂತ ವೈನಿಯ ಸೆರಗು ನೋಡಿದೆ: ಎಡ ಹೆಗಲು! ಆಗ ನನ್ನ ತಲೆಗೆ ಹೊಳೆಯಿತು. ತನ್ನ ಮುಖ ತನಗೆ ಕಾಣುವ ಆ ಮುಂದಿನ ಕ್ಯಾಮೆರಾ, ಕನ್ನಡಿಯ ಹಾಗೆ ಎಲ್ಲವನ್ನೂ ಎಡಬಲ ಮಾಡಿ ತುಂಬಿಕೊಂಡಿತ್ತು. ಹಿಂದೆ ಒಂದು ಬೋರ್ಡು ಇದ್ದಿದ್ದರೂ ಅಕ್ಷರ ಉಲ್ಟಾ ಕಂಡು ತಿಳಿಯುತ್ತಿತ್ತು; ಕಸಬರಿಗೆಯ ಕಟ್ಟಿಗೆ ಎಡವೇನು, ಬಲವೇನು, ಯಾರಿಗೂ ಗೊತ್ತಾಗಿರಲಿಲ್ಲ.

"ಇದಕ್ಕೇನ ನೀ ನನ್ನ ಮಾರವಾಡಿ ಮಾಡಿದ್ದು!" ಅಂದರು ವೈನಿ. ಅಂಥ ಸಂಕಟದಲ್ಲೂ ಇಬ್ಬರಿಗೂ ನಗು ಬಂತು.

ನಿರೀಕ್ಷಾ ನಗಲಿಲ್ಲ. ಅವಳ ಮುಖ ಸಣ್ಣಗಾಗಿತ್ತು. "ಹಂಗಾದ್ರ ಅತ್ತಿ... ನೀವು ನನ್ನಂಗ ಎಡಚಿ ಅಲ್ಲೇನು?"

ಲಗೂನ ತಿಳಿಯುತ್ತದೆ ಅನ್ನುತ್ತಿದ್ದುದು ಇದಕ್ಕಾ! ನಮ್ಮ ಬಳಗದಲ್ಲಿ ತನ್ನಂಥವರು ಇನ್ನೊಬ್ಬರಿದ್ದಾರೆ, ಅದೂ ಎಲ್ಲರಿಗಿಂತ ಚೆಂದ ಹೊಲಿಯುವವರು, ಅಂತ ನಂಬಿಕೊಂಡು ಇಷ್ಟು ದಿನ ಕೂತಿದ್ದಳು ನನ್ನ ಮಗಳು. ಕಣ್ಣೀರು ಬಂದೇಬಿಟ್ಟಿತು ಅವಳಿಗೆ. ತನ್ನ ಹಸಿರು ತುಂಡನ್ನು ರಾಶಿಯಿಂದ ಎಳೆದು, ಯಾರೂ ನೋಡಬಾರದು ಅನ್ನುವ ಹಾಗೆ ಬೋರಲು ಹಾಕಿ ಅದರ ಮೇಲೆ ಕೈ ಊರಿ ಕೂತಳು.

"ಬಿಡು ತಾಯಿ, ತೋರಸು," ಅಂತ ವೈನಿ ಆ ಪುಟ್ಟ ಕೈ ಸರಿಸಿದರು. ಬೋರಲು ಬಿದ್ದ ತುಂಡಿನ ಮೇಲೆ ಅಭ್ಯಾಸದಂತೆ ಅವರ ಬೆರಳು ದಾರದ ಹಿಂದೆ ಹೊರಟಿತು. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು, ನಡುವಿಗೆ ಬಂತು. ವೈನಿ ತಲೆ ಎತ್ತಿದರು. "ಪ್ರೇಮಾ, ಇದು ಬಲಕ್ಕ ಸುತ್ತೈತಿ ನೋಡು!"

ಮುಂದಿನಿಂದ ಎಡ ಆದದ್ದು ಹಿಂದಿನಿಂದ ಬಲ. ಇಷ್ಟು ಸಣ್ಣ ಮಾತು ಇಬ್ಬರು ದೊಡ್ಡ ಹೆಂಗಸರಿಗೆ ಹೊಳೆದಿರಲಿಲ್ಲ. ತುಂಡುಗಳನ್ನೆಲ್ಲ ಮಗುಚಿ ಹಾಕಿದೆವು. ಹಿಂಬದಿಯ ಒರಟು ಮೇಲೆ ಬಂತು, ಬರಲಿ. ಆ ದಿನವೂ ಮರುದಿನವೂ ಕೂತು ನಾನು ಕೂಡಿಸಿದೆ.

ಉಳಿದದ್ದು ಕೌದಿಯ ಹೊಟ್ಟೆ. ವೈನಿ ರೊಟ್ಟಿಯ ಚೂರು, ಬೆಲ್ಲ ಇಟ್ಟು ಸೂಜಿ ಹಿಡಿದರು. ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ವಿಡಿಯೋಗೆಂದು ದಿನವೂ ಹೊಲಿದು ಹೊಲಿದು ಇದ್ದ ಶಕ್ತಿಯನ್ನೂ ಆ ಹೆಬ್ಬೆರಳು ಕಳೆದುಕೊಂಡಿತ್ತು. "ನಾ ಹಾಕ್ಲೇನ್ರಿ ವೈನಿ?" ಅಂದೆ. ಬೇಡ ಅಂತ ತಲೆಯಾಡಿಸಿದರು. ಹಿರಿಯಳ ಹೊಲಿಗೆ ಹಿರಿಯಳದೇ ಆಗಬೇಕು.

ಆಮೇಲೆ ಸೂಜಿಯನ್ನು ಎಡಗೈಗೆ ತೆಗೆದುಕೊಂಡರು. ನಿರೀಕ್ಷಾಳನ್ನು ಹತ್ತಿರ ಕರೆದರು.

"ಬಾ ಇಲ್ಲಿ. ನೀ ಹೆಂಗ ಹಿಡೀತಿ? ನನಗೂ ಕಲಸು."

"ನೀವು... ಎಡಗೈಲೆ ಹೊಲೀತೀರಿ?"

"ನಾ ಎಡಚಿ ಅಂತ ನೀನ ಅಂದ್ಯಲ್ಲಾ? ನಿನ್ನ ಮಾತು ಸುಳ್ಳು ಮಾಡ್ಲೇನು?"

ಮಗಳು ಕಣ್ಣೊರೆಸಿಕೊಂಡು, ವೈನಿಯ ಬೆರಳುಗಳನ್ನು ಒಂದೊಂದಾಗಿ ಸರಿಪಡಿಸಿ, "ಹಿಂಗ್ರಿ ಅತ್ತಿ, ಇಲ್ಲಿ ಒತ್ರಿ, ಗಡಿಬಿಡಿ ಮಾಡಬ್ಯಾಡ್ರಿ" ಅಂತ ಥೇಟು ಟೀಚರಂತೆ ಹೇಳಿಕೊಟ್ಟಳು. ನಾನು ಮುಖ ತಿರುಗಿಸಿ ಕಸಬರಿಗೆಯ ಕಟ್ಟು ನೋಡುತ್ತಾ ಅತ್ತುಬಿಟ್ಟೆ. ಇಡೀ ಕೌದಿಯಲ್ಲಿ ಅಂಕುಡೊಂಕು ಹೊಲಿಗೆ ಯಾವುದು ಅಂದರೆ ಇವತ್ತಿಗೂ ಆ ಹೊಟ್ಟೆಯದೇ.

ಕಾವ್ಯಾಳ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಆ ಕೌದಿಯ ನಡುವಿನ ಉಬ್ಬು ಬೆರಳಿಗೆ ಸಿಗದೆ ಅವಳಿಗೆ ನಿದ್ದೆ ಬಾರದು. ಗುಂಪು ಇನ್ನೂ ನಡೆಯುತ್ತಿದೆ, ಶನಿವಾರಕ್ಕೊಂದು ವಿಡಿಯೋ. ಜ್ವರ ಬಂದು ಮನೆಯಲ್ಲಿ ಮಲಗಿದ ಮಕ್ಕಳು, ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳು, ಎಲ್ಲೆಲ್ಲಿಯವರೋ ಸೇರಿದ್ದಾರೆ. ಈಗಲೂ ಬಿಟ್ಟಿ, ಈಗಲೂ ಬೆಲ್ಲದ ಸರ್ಟಿಫಿಕೇಟು. ಫೋನು ಅದೇ. ಅದರ ಕ್ಯಾಮೆರಾ ಸರಿ ಮಾಡಿಕೊಡುತ್ತೇನೆ ಅಂತ ಕಾವ್ಯಾ ಹೋದರೆ ವೈನಿ ಮುಟ್ಟಗೊಡಲಿಲ್ಲ. ಅವರ ಬಲಗೈ ಮತ್ತೆ ಸೂಜಿ ಹಿಡಿಯಲಿಲ್ಲ. ಈಗ ಹೊಲಿಯುವುದೆಲ್ಲ ಎಡಗೈ. ಆ ಫೋನಿನಲ್ಲಿ ಮಾತ್ರ ಅದು ಬಲಗೈಯಾಗಿ ಕಾಣುತ್ತದೆ, ಹೊಲಿಗೆ ಎಡಕ್ಕೆ ಸುತ್ತುತ್ತದೆ, ಕೊನೆಗೆ ತುಂಡು ಮಗುಚಿರಿ ಅಂತ ವೈನಿ ಹೇಳುತ್ತಾರೆ.

ಮೊನ್ನೆ ಭಾನುವಾರ ಹೋಗಿದ್ದೆವು. ನಿರೀಕ್ಷಾ ಈಗ ನನ್ನಷ್ಟೇ ಎತ್ತರ. ಗುಂಪಿನಲ್ಲಿ ಯಾರೋ ಹೊಸ ತಾಯಿ ಬರೆದದ್ದನ್ನು ವೈನಿಗೆ ಓದಿ ಹೇಳಿದಳು: "ಈ ವಯಸ್ಸಿನಾಗೂ ಅಜ್ಜಿಯ ಬಲಗೈ ಎಷ್ಟು ಚೆಂದ ಓಡ್ತದ್ರಿ!"

ವೈನಿ ಎಡಗೈಯ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ತೊಡೆಯ ಮೇಲೆ ಬೆರಳು ಮಡಚಿ ಮಲಗಿದ್ದ ತಮ್ಮ ಬಲಗೈಯನ್ನು ಮೆಲ್ಲಗೆ ತಟ್ಟಿದರು.

"ಕೇಳಿದ್ಯಾ?" ಅಂದರು ಅದಕ್ಕೆ. "ಇನ್ನೂ ನಿನ್ನ ಹೆಸರ ಹೇಳಾಕತ್ತಾರ."